ತೊಳೆಯದ ಹಲ್ಲು ಬೇಕಾಗಿದೆ

ಬೆಳಕು ಹರಿಯುವ ಹೊತ್ತಿಗೆ ಪಾಯಪ್ಪ ಐಸ್ ಪೆಟ್ಟಿಗೆಯ ಜೊತೆ ಜಗಳಕ್ಕೆ ನಿಂತಿದ್ದಾರೆ. ಮಿರಜದ ಒಂದು ದಂತ ಸಂಶೋಧನಾ ಪ್ರಯೋಗಾಲಯದ ಹಿಂಬಾಗಿಲು. ಪೆಟ್ಟಿಗೆಯ ಮುಚ್ಚಳ ಕೂಡುವುದಿಲ್ಲ ಎನ್ನುತ್ತದೆ, ಇವರು ಕೂಡಲೇಬೇಕು ಎನ್ನುತ್ತಾರೆ. ಕೊನೆಗೆ ಮೊಣಕಾಲೂರಿ ಒತ್ತಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿಗೆ ಕಟ್ಟುತ್ತಾರೆ. ಒಳಗೆ ಬರ್ಫದ ನಡುವೆ ಗುಲಾಬಿ ಬಣ್ಣದ ನೀರು ತುಂಬಿದ ಪುಟ್ಟ ನಳಿಗೆಗಳು. ದಾರಿಯಲ್ಲಿ ಯಾರಾದರೊಬ್ಬರು ‘ಕಾಕಾ, ಕುಲ್ಫಿ ಹೆಂಗ?’ ಎಂದು ಕೇಳುವುದು ಖಾತ್ರಿ. ಮೊದಮೊದಲು ನಕ್ಕು ಬಿಡುತ್ತಿದ್ದರು. ಈಗ ನಗು ಬರುವುದಿಲ್ಲ. ‘ಹಲ್ಲಿನ ಕುಲ್ಫಿ ಐತಿ, ಕೊಡ್ಲೇನ?’ ಎಂದು ಗದರಿಸಿ ಗಾಡಿ ಎಬ್ಬಿಸುತ್ತಾರೆ.

ಅವರು ಹೇಳುವುದು ಸುಳ್ಳೇನಲ್ಲ. ಮಿರಜ, ಸಾಂಗಲಿಯ ದಂತ ಚಿಕಿತ್ಸಾಲಯಗಳಲ್ಲಿ ಕಿತ್ತ ಹಲ್ಲುಗಳನ್ನು, ಆಯಾ ಹಲ್ಲಿನ ಮನೆಯವರ ಒಪ್ಪಿಗೆ ಪಡೆದು, ತಣ್ಣಗೆ ಇಟ್ಟು, ಅವತ್ತೇ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವರ ಕೆಲಸ. ಹಲ್ಲು ದವಡೆಯ ಎಲುಬಿನಲ್ಲಿ ಗೋಡೆಗೆ ಮೊಳೆ ಹೊಡೆದಂತೆ ಕೂತಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದೆ, ಅದೇ ಹಲ್ಲನ್ನು ಹಿಡಿದಿಡುತ್ತದೆ. ವಸಡಿನ ರೋಗ ಒಳಗಿಳಿದು ಈ ನಾರೂ ಎಲುಬೂ ಹಾಳಾದರೆ, ಹುಳುಕೇ ಇಲ್ಲದ ಗಟ್ಟಿ ಹಲ್ಲೂ ಅಲುಗಾಡಿ ಉದುರುತ್ತದೆ. ಆ ನಾರನ್ನು ಮತ್ತೆ ಬೆಳೆಸಬಹುದೇ ಎಂದು ಇಲ್ಲಿನ ಡಾ. ಅನುಜಾ ಹುಡುಕುತ್ತಿದ್ದಾರೆ. ಅದಕ್ಕೆ ಆಗಷ್ಟೇ ಕಿತ್ತ ಒಳ್ಳೆಯ ಹಲ್ಲು ಬೇಕು, ಅದರ ಬೇರಿಗೆ ಅಂಟಿದ ನಾರು ಜೀವಂತ ಇರಬೇಕು; ನಳಿಗೆಯ ಗುಲಾಬಿ ಬಣ್ಣದ ನೀರು ಅದನ್ನು ಬದುಕಿಸಿಡುವ ಆಹಾರ. ಹಲ್ಲು ಸಾಲಾಗಿ ಬರಲೆಂದು ಹುಡುಗ ಹುಡುಗಿಯರು ತಂತಿ ಕಟ್ಟಿಸಿಕೊಳ್ಳುವಾಗ ಜಾಗಕ್ಕಾಗಿ ಕೀಳುವ ಹಲ್ಲುಗಳೇ ಇದಕ್ಕೆ ಸರಿ.

ಎಷ್ಟು ಸರಳ ನೋಡಿ. ಹಲ್ಲು ಕೀಳಬೇಕು, ನಳಿಗೆಗೆ ಹಾಕಬೇಕು, ತೊಳೆಯಬಾರದು. ಈ ಕೊನೆಯ ಮಾತೊಂದನ್ನು ಜನರ ತಲೆಗೆ ಇಳಿಸಲು ಹೋಗಿ ಪಾಯಪ್ಪ ಹೈರಾಣಾಗಿದ್ದಾರೆ.

ಸಾಂಗಲಿಯ ಒಂದು ಚಿಕಿತ್ಸಾಲಯಕ್ಕೆ ಕಾಲಿಡುತ್ತಿದ್ದಂತೆ ಅಲ್ಲಿನ ಸಹಾಯಕಿ ಮನಿಷಾ ನಗುನಗುತ್ತ ನಳಿಗೆ ಚಾಚುತ್ತಾಳೆ. ‘ಕಾಕಾ, ದಾತ ಸ್ವಚ್ಛ ಧುತಲಾಯ.’ ಹಲ್ಲನ್ನು ಸ್ವಚ್ಛವಾಗಿ ತೊಳೆದಿದ್ದಾಳಂತೆ. ಬ್ರಶ್ಶಿನಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ಅದ್ದಿ, ಮುತ್ತಿನ ಹಾಗೆ ಹೊಳೆಯುವಂತೆ ಮಾಡಿದ್ದಾಳೆ. ಬೇರಿನ ಮೇಲೆ ಒಂದೆಳೆ ನಾರು ಉಳಿದಿಲ್ಲ. ಪಾಯಪ್ಪ ಹಣೆ ಚಚ್ಚಿಕೊಳ್ಳುತ್ತಾರೆ. ಹೋದ ವಾರವೂ ಹೇಳಿದ್ದರು, ಅದರ ಹಿಂದಿನ ವಾರವೂ ಹೇಳಿದ್ದರು. ಎಲ್ಲ ನೀರಿನಲ್ಲಿ ಹೋಮ.

‘ಬೈಯಾಕೂ ಬರಂಗಿಲ್ರಿ’ ಎನ್ನುತ್ತಾರೆ ಹೊರಗೆ ಬಂದು. ‘ಪಾಪ, ಪ್ರೀತಿಲೆ ತೊಳದಿರ್ತಾರ. ಹೊಲಸ ಕೊಟ್ರ ನಮಗ ಕಾಕಾ ಏನ ಅಂದಾರು ಅಂತ ಅವರ ವಿಚಾರ. ಆ ಪ್ರೀತಿನ ನನ್ನ ಜೀವಾ ತಿನ್ನಾಕತ್ತೈತಿ.’

ನಿಜ ಹೇಳಬೇಕೆಂದರೆ ಈ ರೋಗಕ್ಕೆ ಬೀಜ ಬಿತ್ತಿದವರು ಅವರೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾ. ಅನುಜಾ, ಇವರ ಮಾತಿನಲ್ಲಿ ‘ಡಾಕ್ಟರ್ ಬಾಯಿ’, ಹೇಳಿ ಕಳಿಸಿದ್ದು ನಳಿಗೆ ಸ್ವಚ್ಛ ಇರಬೇಕು ಎಂದು. ಇವರು ಹೊಸ ಉಮೇದಿನಲ್ಲಿ ಮನೆಯ ಕನ್ನಡ ಬಿಟ್ಟು ಪೇಟೆಯ ಮರಾಠಿಯಲ್ಲಿ ‘ಸ್ವಚ್ಛ ಪಾಹಿಜೆ, ಏಕದಮ್ ಸ್ವಚ್ಛ’ ಎಂದು ಸಾರಿಕೊಂಡು ಬಂದರು. ನಳಿಗೆ ಎಂಬ ಮಾತು ಬಾಯಲ್ಲೇ ಉಳಿಯಿತು. ಕೇಳಿದವರು ಹಲ್ಲನ್ನೇ ಸ್ವಚ್ಛ ಮಾಡತೊಡಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ‘ಸ್ವಚ್ಛ’ವನ್ನು ವಾಪಸು ಪಡೆಯಲು ಎರಡು ವರ್ಷದಿಂದ ಎರಡೂ ಊರು ಸುತ್ತುತ್ತಿದ್ದಾರೆ, ಅದು ಕೈಗೆ ಸಿಗುತ್ತಿಲ್ಲ.

ಇದಕ್ಕೂ ಮೊದಲು ಅವರು ಸಾಂಗಲಿಯ ಅರಿಶಿನ ಪೇಟೆಯಲ್ಲಿದ್ದರು. ಒಣಗಿದ ಅರಿಶಿನ ಕೊಂಬನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ, ಸಿಪ್ಪೆ ಬೇರು ಉದುರಿಸಿ, ಹೊಳಪು ತರುವ ಕೆಲಸ. ಹಳದಿ ಧೂಳು ಎದೆಗೆ ಕೂತು ಕೆಮ್ಮು ಹತ್ತಿದ ಮೇಲೆ ಬಿಟ್ಟರು. ‘ಅರ್ಧಾ ಆಯುಷ್ಯ ತಿಕ್ಕೋದರಾಗ ಹೋತು, ಇನ್ನರ್ಧಾ ತಿಕ್ಕಬ್ಯಾಡ್ರಿ ಅನ್ನೋದರಾಗ ಹೊಂಟೈತಿ’ ಎನ್ನುವಾಗ ಅವರ ಮುಖದಲ್ಲಿ ತಮಾಷೆಗಿಂತ ಬೇಸರವೇ ಹೆಚ್ಚು.

ಮನೆ ಇರುವುದು ಸಾಂಗಲಿ ಹತ್ತಿರದ ಹಳ್ಳಿ ಕಸಬೆ ಡಿಗ್ರಜದಲ್ಲಿ. ಅಲ್ಲಿಯೂ ನೆಮ್ಮದಿಯಿಲ್ಲ. ಜೈನರ ಮನೆ, ರಕ್ತ ಹತ್ತಿದ ಹಲ್ಲು ಹೊತ್ತು ತಿರುಗುವವನಿಗೆ ಸ್ನಾನವಾಗದೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಇವರು ಬರುವುದೇ ಮುಳುಗುವ ಹೊತ್ತಿಗೆ. ನೆಂಟರು ಮೂಗು ಮುರಿದರೂ ಹೆಂಡತಿ ಶಾಲನ ಮಾತ್ರ ಈ ಕೆಲಸ ಬಿಡಿ ಎಂದಿಲ್ಲ. ಹೆಂಡತಿಯ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಬಿದ್ದುಹೋಗಿವೆ, ಒಂದರಲ್ಲೂ ಹುಳುಕಿರಲಿಲ್ಲ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುವುದು ರೂಢಿಯಾಗಿಬಿಟ್ಟಿದೆ. ‘ಇಕೀ ಹಲ್ಲ ಹೋದುವು ಹೋದುವು, ಇದರಿಂದ ಮತ್ತ ಬರಂಗಿಲ್ಲ. ಅದು ನನಗ ಗೊತ್ತೈತಿ’ ಎಂದು ಪಾಯಪ್ಪ ದನಿ ತಗ್ಗಿಸುತ್ತಾರೆ. ‘ಆದ್ರ ಗಟ್ಟಿ ಹಲ್ಲ ಹಂಗ ಉದುರೂದನ್ನ ಕುಂತ ನೋಡೂದೈತಲ್ರಿ, ಅದು ಮತ್ತೊಬ್ರಿಗೆ ಬ್ಯಾಡ.’

ಹೀಗಾಗಿಯೇ ಈ ವರ್ಷದ ಮಳೆಗಾಲ ಅವರ ನಿದ್ದೆ ಕೆಡಿಸಿದೆ. ದೀಪಾವಳಿಯೊಳಗೆ ಒಂದಾದರೂ ಹಲ್ಲಿನ ನಾರು ಗಾಜಿನ ತಟ್ಟೆಯಲ್ಲಿ ಬೆಳೆದು ತೋರಿಸದಿದ್ದರೆ ಸಂಶೋಧನೆ ನಿಲ್ಲಿಸುವುದಾಗಿ ಮೇಲಿನವರು ಡಾ. ಅನುಜಾ ಅವರಿಗೆ ಹೇಳಿದ್ದಾರೆ. ಇದುವರೆಗೆ ಒಂದೂ ಬೆಳೆದಿಲ್ಲ. ಬೆಳೆಯುವುದಾದರೂ ಹೇಗೆ?

ಅಂಥ ಹೊತ್ತಿನಲ್ಲೇ ಸೋನಾಲಿಯ ಹಲ್ಲು ಬರುತ್ತದೆ. ಮಿರಜ ಪೇಟೆಯ ಲಿಂಗಾಯತ ವ್ಯಾಪಾರಿಗಳ ಮನೆಯ ಹುಡುಗಿ, ತಂತಿ ಕಟ್ಟಿಸಲು ಸಾಂಗಲಿಯ ಅದೇ ಚಿಕಿತ್ಸಾಲಯಕ್ಕೆ ಬಂದಿದ್ದಾಳೆ. ಇವತ್ತು ಒಂದು ಬದಿಯ ಹಲ್ಲು, ಮುಂದಿನ ವಾರ ಇನ್ನೊಂದು ಬದಿಯದು. ಜೊತೆಗೆ ಅಜ್ಜಿ ಅನುಸೂಯಾಬಾಯಿ, ಹಣೆಯ ತುಂಬ ವಿಭೂತಿ. ಕೀಳುವ ಕೋಣೆಯೊಳಗೆ ಪಾಯಪ್ಪನಿಗೆ ಪ್ರವೇಶವಿಲ್ಲ, ಅಜ್ಜಿಯ ಕೈಯನ್ನು ಮಾತ್ರ ಹುಡುಗಿ ಬಿಡಲೊಲ್ಲಳು, ಹಾಗಾಗಿ ಅಜ್ಜಿಯೂ ಒಳಗೆ ಹೋಗುತ್ತಾರೆ. ಮನಿಷಾ ಈ ಸಲ ತೊಳೆಯುವುದಿಲ್ಲ ಎಂದು ದೇವರಾಣೆ ಮಾಡಿದ್ದಾಳೆ. ಪಾಯಪ್ಪ ಹೊರಗೆ ನಳಿಗೆ ಹಿಡಿದು ಕಾಯುತ್ತಾರೆ.

ಬಾಗಿಲು ತೆರೆಯುತ್ತದೆ. ಅನುಸೂಯಾಬಾಯಿಯ ಅಂಗೈಯಲ್ಲಿ ಹಲ್ಲಿದೆ. ಹಳದಿ ಹಲ್ಲು.

‘ತಮ್ಮಾ, ರಕ್ತ ಹತ್ತಿದ ಜಿನಸ ಮಂದಿ ಕೈಯಾಗ ಕೊಡಬಾರ್ದು. ಅದಕ್ಕ ತೊಳದು ಅರಿಶಿಣಾ ಹಚ್ಚೇನಿ’ ಎನ್ನುತ್ತಾರೆ ಅಜ್ಜಿ. ಚೀಲದಲ್ಲಿ ಸದಾ ಇರುವ ಅರಿಶಿನ ಕುಂಕುಮದ ಡಬ್ಬಿ ಕೈಯಲ್ಲೇ ಇದೆ.

ಪಾಯಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಅರಿಶಿನ ಇಲ್ಲಿಗೂ ಬೆನ್ನು ಹತ್ತಿ ಬಂತೇ ಎಂದು ಅಳು ಬಂದಂತಾಗುತ್ತದೆ. ‘ಅವ್ವಾರ, ಇದನ್ನ ನಿಮ್ಮ ದೇವರ ಜಗಲಿ ಮ್ಯಾಲ ಇಟಗೋರಿ. ನಮಗ ಉಪಯೋಗಿಲ್ಲ.’ ಅಜ್ಜಿಯ ಮುಖ ಬಾಡುತ್ತದೆ. ತಪ್ಪಾಡಿದೆ ಅನ್ನಿಸಿ ಇವರು ದನಿ ಇಳಿಸುತ್ತಾರೆ. ‘ಹಂಗಲ್ರಿ. ತುಳಸಿ ಸಸಿ ಕಿತ್ತು ಬ್ಯಾರೆ ಕಡೆ ಹಚ್ಚುಮುಂದ ಬೇರಿನ ಮಣ್ಣ ತಿಕ್ಕಿ ತೊಳೀತೇರೇನ್ರಿ?’

‘ಇಲ್ಲ. ಸತ್ತ ಹೋಗತೈತಿ.’

‘ಇದೂ ಹಂಗ ನೋಡ್ರಿ.’

ಅಜ್ಜಿ ಹಲ್ಲನ್ನೂ ಇವರನ್ನೂ ನೋಡುತ್ತಾರೆ. ಈಗ ಸಿಟ್ಟಾಗುವ ಪಾಳಿ ಅವರದು. ‘ಮತ್ತ ಇದನ್ನ ಮೊದಲ ಹೇಳಾಕ ನಿನಗೇನಾಗಿತ್ತೋ?’

ಪಾಯಪ್ಪ ನೆನಪು ಮಾಡಿಕೊಳ್ಳುತ್ತಾರೆ. ಇಷ್ಟು ದಿನ ಹೇಳಿದ್ದೆಲ್ಲ ಚಿಕಿತ್ಸಾಲಯದವರಿಗೆ, ಅದೂ ಮರಾಠಿಯಲ್ಲಿ, ಅದೂ ಆಜ್ಞೆಯ ಹಾಗೆ. ಮನೆಯವರ ಸಹಿ ತೆಗೆದುಕೊಂಡಿದ್ದಾರೆಯೇ ಹೊರತು ಹಲ್ಲು ಜೀವಂತ ಬೇಕು ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಮುಂದಿನ ವಾರ ಎರಡನೇ ಹಲ್ಲು. ಪಾಯಪ್ಪ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಾರೆ. ಒಳಗೆ ನೀರು ಬಿಟ್ಟ ಸದ್ದು. ದೇವರಾಣೆ ಮಾಡಿದವಳ ಕೈ ಅಭ್ಯಾಸಬಲದಿಂದ ನಲ್ಲಿಗೆ ಹೋಗಿದೆ. ಹಿಂದೆಯೇ ಅಜ್ಜಿಯ ದನಿ, ‘ಏ, ಹಾತ ಲಾವೂ ನಕೋ! ಜೀವಂತ ಆಹೆ.’ ಮುಟ್ಟಬೇಡ, ಜೀವಂತ ಇದೆ. ಮರಾಠಿ ಸ್ವಲ್ಪ ಕನ್ನಡದ ರಾಗದಲ್ಲಿದ್ದರೂ ಕೆಲಸ ಮಾಡುತ್ತದೆ. ನೀರು ನಿಲ್ಲುತ್ತದೆ. ರಕ್ತ ಸಮೇತ ಹಲ್ಲು ನಳಿಗೆಗೆ ಬೀಳುತ್ತದೆ, ಪಾಯಪ್ಪ ಮಿರಜದ ದಾರಿ ಹಿಡಿಯುತ್ತಾರೆ. ಅವತ್ತು ಕುಲ್ಫಿ ಕೇಳಿದವನಿಗೆ ಬೈಯಲೂ ಪುರಸೊತ್ತಿಲ್ಲ.

ನವರಾತ್ರಿಯ ಹೊತ್ತಿಗೆ ಡಾ. ಅನುಜಾ ಪಾಯಪ್ಪನನ್ನು ಒಳಗೆ ಕರೆಯುತ್ತಾರೆ, ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತಾರೆ. ಪಾಯಪ್ಪ ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ, ಏನೂ ಕಾಣದೆ ರೇಗುತ್ತಾರೆ. ಆಮೇಲೆ ಕಾಣುತ್ತದೆ. ನಾರಿನ ಚೂರಿನ ಅಂಚಿನಿಂದ ಸಣ್ಣ ಸಣ್ಣ ನೀಳ ಜೀವಕಣಗಳು ಒಂದಕ್ಕೊಂದು ಆತು ಹೊರಗೆ ಹರಡಿಕೊಂಡಿವೆ. ಸಂಶೋಧನೆ ಸದ್ಯಕ್ಕೆ ನಿಲ್ಲುವುದಿಲ್ಲ. ಔಷಧಿಯಾಗಲು ಇನ್ನೂ ಎಷ್ಟೋ ವರ್ಷ ಬೇಕು, ಆಗುತ್ತದೆಂಬ ಖಾತ್ರಿಯೂ ಇಲ್ಲ ಎಂದು ಡಾಕ್ಟರ್ ಹೇಳುತ್ತಿದ್ದರೆ ಪಾಯಪ್ಪ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಮೊಮ್ಮಗಳಿಗೆ ತಂತಿ ಬಿಗಿಸಲು ಬಂದ ದಿನ ಅನುಸೂಯಾಬಾಯಿ ಪಾಯಪ್ಪನನ್ನು ಹಿಡಿದು ನಿಲ್ಲಿಸುತ್ತಾರೆ. ‘ಏನಾತೋ ನಮ್ಮ ಹುಡಗಿ ಹಲ್ಲು?’

‘ಬೆಳ್ಯಾಕತ್ತೈತ್ರಿ.’

‘ಊಟಕ್ಕ ಏನ ಹಾಕ್ತಾರ ಅದಕ್ಕ?’

‘ಗುಲಾಬಿ ನೀರ್ರಿ. ಎರಡ ಮೂರ ದಿವಸಕ್ಕೊಮ್ಮೆ ಹಳೇದು ತಗದು ಹೊಸಾದು ಹಾಕಬೇಕು.’

‘ಮತ್ತ ರವಿವಾರ? ಸೂಟಿ ಅಂತ ಉಪಾಸ ಕೆಡವ್ಯಾರು.’

‘ಇಲ್ರಿ ಅವ್ವಾರ. ಡಾಕ್ಟರ್ ಬಾಯಿ ರವಿವಾರನೂ ಬರ್ತಾರ’ ಎನ್ನುತ್ತ ಪಾಯಪ್ಪ ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ‘ಕೀಲಿ ನನ್ನ ಕಡೆ ಕೊಟ್ಟಾರ. ಬಾಗಲಾ ತಗ್ಯಾಂವ ನಾನ.’