ಉಗುರುಬೆಚ್ಚಗಿನ ಸಾರು

ಅತ್ತೆಯ ಬಲಗೈ ಬೆರಳುಗಳ ಹಿಂಬದಿಗೆ ಯಾವಾಗಲೂ ಮಸಿ ಹತ್ತಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಗೆಣ್ಣುಗಳ ಸುಕ್ಕಿನಲ್ಲಿ ಕಪ್ಪು ಉಳಿಯುತ್ತಿತ್ತು. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಸಾರಿನ ಮಡಿಕೆಯ ಹೊಟ್ಟೆಗೆ ಬೆರಳು ಒತ್ತಿ ನೋಡುವುದು ಅವರ ಚಾಳಿ. ಜ್ವರ ಬಂದ ಮಗುವನ್ನೂ ಯಾರೂ ಅಷ್ಟು ಸಲ ಮುಟ್ಟಿ ನೋಡುವುದಿಲ್ಲ.

ನಾನು ಬಾರ್ಕೂರಿನ ಗದ್ದೆ ಬದಿಯವಳು. ಬೀಜಾಡಿಯ ಆ ಮನೆಗೆ ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧ ನಡೆಯುತ್ತಿದ್ದಾಗ. ಮನೆಯಲ್ಲಿ ಇದ್ದದ್ದು ವಿಧವೆ ಅತ್ತೆ, ಕಡಲಿಗೆ ಹೋಗುವ ಅವರ ಒಬ್ಬನೇ ಮಗ, ಅಂದರೆ ನನ್ನ ಗಂಡ, ಮತ್ತು ನಾನು. ನನ್ನ ತವರಿನಲ್ಲಿ ಬೆಳಗಿನ ಸಾರನ್ನು ಬೂದಿ ಮುಚ್ಚಿದ ಕೆಂಡದ ಮೇಲೆ ಬಿಟ್ಟರೆ, ಗದ್ದೆಯಿಂದ ಬಂದವರು ಸಂಜೆ ಬೆಚ್ಚಗೆ ಉಣ್ಣುತ್ತಿದ್ದರು. ಇಲ್ಲಿಯೂ ಹಾಗೇ ಮಾಡಿದೆ. ಅತ್ತೆ ಮುಟ್ಟಿ ನೋಡಿ ಹೌಹಾರಿದರು.

“ಇದೆಂತ ಹೆಣ್ಣೆ? ಸಾರ್ ಕುದೀತಾ ಇರ್ಕ್, ಇಲ್ದಿರೆ ಹೊಟ್ಟೆಯೊಳ್ಗ್ ಇರ್ಕ್. ಈ ನಡುವಂಗೆ ಬೆಚ್ಚಗೆ ಇಪ್ಪುದ್ ನಂಗ್ ಬ್ಯಾಡ.”

ಹೇಳುವುದು ಸುಲಭ. ದೋಣಿ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಅತ್ತೆ ಕೂತಲ್ಲಿ ಕೂರುತ್ತಿರಲಿಲ್ಲ. ದೂರದಲ್ಲಿ ಹಾಯಿ ಕಂಡರೆ ಒಳಗೆ ಓಡಿ, ಬೆಂಕಿ ಊದಿ, ಸಾರು ಕುದಿಸುವರು. ಹತ್ತಿರ ಬಂದಾಗ ನೋಡಿದರೆ ಬೇರೆಯವರ ದೋಣಿ. ಮತ್ತೆ ಅಂಗಳ, ಮತ್ತೆ ಒಲೆ. ಸಂಜೆಗೆ ಬಂಗುಡೆ ಕರಗಿ ಮುಳ್ಳಷ್ಟೇ ಉಳಿದಿರುತ್ತಿತ್ತು.

“ಅಬ್ಬೆ, ಇದ್ರಗೆ ಮೀನ್ ಎಲ್ಲ್ ಇತ್ತ್?” ಎಂದು ಗಂಡ ರೇಗಿಸುವರು.

“ಹಬೆ ಇತ್ತಲ್ದಾ? ಉಣ್ಣ್.”

ಬೈಂದೂರಿನ ನೆಂಟರ ಮದುವೆಯಲ್ಲೂ ಅಷ್ಟೇ. ಎಲೆ ಹಾಕುವ ಮೊದಲೇ ಅಡುಗೆ ಚಪ್ಪರಕ್ಕೆ ನುಗ್ಗಿ ಒಂದೊಂದೇ ಹಂಡೆಯ ಮುಚ್ಚಳ ಎತ್ತಿದರು. ಬೀಗರ ಮುಖ ನೋಡಲಾಗದೆ ನಾನು ಬಾವಿಕಟ್ಟೆಯ ಕಡೆ ಹೋಗಿ ನಿಂತೆ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ, ನಡುಮಧ್ಯಾಹ್ನ ಗಾಳಿ ತಿರುಗಿತು. ಊರಿನ ಉಳಿದ ದೋಣಿಗಳೆಲ್ಲ ದಡ ಸೇರಿದವು. ನಮ್ಮದು ಬರಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಅದೇ ಸಾರನ್ನು ಮತ್ತೆ ಕುದಿಸಿದರು. ಮಧ್ಯಾಹ್ನದ ಮೇಲೆ ಒಲೆಯ ಕಡೆ ಸುಳಿಯಲೇ ಇಲ್ಲ. ಮರಳಿನ ಮೇಲೆ ಅತ್ತ ಇತ್ತ ನಡೆಯುತ್ತಲೇ ಇದ್ದರು. ನಾನೂ ಅವರ ಹಿಂದೆಯೇ ನಡೆದೆ. ನಿಂತರೆ ಕೆಟ್ಟ ಸುದ್ದಿ ಬಂದೇಬಿಡುತ್ತದೆ ಅನ್ನಿಸುತ್ತಿತ್ತು. ಮಡಿಕೆ ಆರುತ್ತಿದ್ದ ಕೆಂಡದ ಮೇಲೆಯೇ ಉಳಿಯಿತು.

ಮೂರನೆಯ ದಿನ ಗಂಡ ನಡೆದುಕೊಂಡೇ ಬಂದರು. ಗಾಳಿ ಅವರ ದೋಣಿಯನ್ನು ಬೈಂದೂರಿನ ಕಡೆಯ ದಡಕ್ಕೆ ಒಗೆದಿತ್ತು. ಹಸಿವಿನಲ್ಲಿ ಅವರಿಗೆ ನಾವು ಕಂಡೆವೋ ಇಲ್ಲವೋ, ನೇರ ಒಳಗೆ ಹೋಗಿ ಮಡಿಕೆ ಎತ್ತಿ ಬಾಯಿಗೆ ಹಿಡಿದರು. ಅತ್ತೆ ಹಿಂದಿನಿಂದ ನುಗ್ಗಿ ಮಗನ ಕೈಗೆ ಹೊಡೆದರು. ಮಡಿಕೆ ಬಿದ್ದು ಚೂರಾಯಿತು.

“ಹಸ್ದ್ ಬಂದವ್ರಿಗೆ ಹೊಡೀತ್ರಾ ಅತ್ತೆ!” ನಾನು ಕಿರುಚಿದೆ.

“ಕಡಲ್ ಬಿಟ್ಟ್ ಕಳ್ಸಿತ್ ಹೆಣ್ಣೆ. ಬೆಚ್ಚಗೆ ಇದ್ದ್ ಹಳ್ಸಿದ್ ಸಾರ್ ಕುಡ್ಸಿ ಈಗ ನಾನ್ ಕೊಲ್ಲುದಾ?” ಅವರು ಮಡಿಕೆಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿದರು. “ಹೋಯಿ ಬೆಂಕಿ ಮಾಡ್.”

ಯುದ್ಧದ ಕಂಟ್ರೋಲಿನಲ್ಲಿ ಅಳೆದು ಕೊಡುತ್ತಿದ್ದ ಅಕ್ಕಿ, ಡಬ್ಬಿಯ ತಳ ಕಂಡಿತ್ತು. ಸೌದೆ ಒದ್ದೆ. ಕುಚ್ಚಲಕ್ಕಿ ಬೇಯುವುದೆಂದರೆ ಸುಮ್ಮನೆಯೇ? ಹೊಗೆಗೋ ಸಿಟ್ಟಿಗೋ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗಂಡ ಗೋಡೆಗೆ ಒರಗಿದ್ದರು. ಅತ್ತೆ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಮಗನ ಕಾಲಿನ ಗಂಟು ಹಿಡಿದುಕೊಂಡಿದ್ದರು.

“ಬಿಡ್ ಅಬ್ಬೆ, ನಾ ಎಲ್ಲೂ ಹೋತಿಲ್ಲೆ.”

ಬಿಡಲಿಲ್ಲ. ಗಂಜಿ ಕೊತಕೊತ ಕುದಿದು, ಬಟ್ಟಲಿಗೆ ಬಂದು, ಮಗ ಊದಿಕೊಂಡು ಕುಡಿದು ಮುಗಿಸಿದ ಮೇಲೆಯೇ ಕೈ ಸಡಿಲಿಸಿದ್ದು.

ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಮಗ ನನ್ನ ಜೊತೆ ಹಲ್ಲು ಉದುರುವ ತನಕ ಬಾಳಿದರು. ಅವರನ್ನು ಹಿಂದಕ್ಕೆ ಕಳಿಸಿದ್ದಕ್ಕೆ ವರ್ಷವರ್ಷವೂ ಕಡಲಿಗೆ ಹಾಲೆರೆದು ಕೈ ಮುಗಿದೆ. ಒಂದು ಗೋಡೆಯ ಆಚೆ ಒಲೆ ಊದುತ್ತಿದ್ದ ಅತ್ತೆಗೂ ಮುಗಿಯಬೇಕಿತ್ತು ಎಂಬುದು ಅವರಿರುವಾಗ ನನಗೆ ಹೊಳೆಯಲೇ ಇಲ್ಲ.