ಎರಡು ಸಲ ಅದುಮಿದ ಕೈ

ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿ ಮೂವತ್ತು ವರ್ಷ ದುಡಿದವನು ನಾನು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದು ಅಭ್ಯಾಸ. ಆಳುಗಳ ಲೈನ್‌ಮನೆಗಳಲ್ಲಿ ಯಾರಾದರೂ ದೆವ್ವದ ಕಥೆ ತೆಗೆದರೆ ನಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸಂಕೋಚವಿದೆ. ನಡೆದಷ್ಟನ್ನೇ ಹೇಳುತ್ತೇನೆ.

ಮೊದಲು ಅಣ್ಣನ ವಿಷಯ. ಚಿಕ್ಕವರಿದ್ದಾಗ, ಆಚೆ ಬದಿಯಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಬುತ್ತಿ ಕೊಡಲು ನಾವಿಬ್ಬರೂ ಘಾಟಿಯ ದೋಣಿಗಲ್ ಕೆಳಗಿನ ರೈಲು ಸುರಂಗ ದಾಟಿ ಹೋಗುತ್ತಿದ್ದೆವು. ಒಳಗೆ ಕತ್ತಲು, ತೊಟ್ಟಿಕ್ಕುವ ನೀರು, ಜಲ್ಲಿಯ ಮೇಲೆ ನಮ್ಮದೇ ಹೆಜ್ಜೆ ಸದ್ದು. ಅಣ್ಣ ಯಾವಾಗಲೂ ನನ್ನ ಎಡಗೈ ಹಿಡಿಯುತ್ತಿದ್ದ. "ಬಾಯಿ ಬುಟ್ರೆ ಬಾವಲಿ ಏಳ್ತವೆ ಕಣ್ಲಾ, ಮಾತಾಡ್ಬ್ಯಾಡ. ನಾನು ಎರಡು ಸಲ ಅದುಮ್ತೀನಿ, ನೀನೂ ಎರಡು ಸಲ ಅದುಮು. ಆಗ ಇದೀಯ ಅಂತ ಗೊತ್ತಾಯ್ತದೆ" ಎನ್ನುತ್ತಿದ್ದ. ಆಚೆ ಬದಿಯ ಬೆಳಕು ಕಾಣುವವರೆಗೂ ನಮ್ಮ ಮಾತೆಲ್ಲ ಕೈಯಲ್ಲೇ.

ಐದು ವರ್ಷದ ಹಿಂದೆ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೊನೆಯ ದಿನ ಎಡಗೈಯಿಂದ ನನ್ನ ಕೈಯನ್ನು ಎರಡು ಸಲ ಅದುಮಿದ. ನೀರು ಕೇಳುತ್ತಿದ್ದಾನೆಂದು ಕೈ ಬಿಡಿಸಿಕೊಂಡು ಲೋಟ ತರಲು ಹೋದೆ. ಅವನು ಕೇಳಿದ್ದೇನೆಂದು ನನಗೆ ಹೊಳೆಯುವಾಗ ತಿಥಿಯೂ ಮುಗಿದಿತ್ತು.

ಕಳೆದ ವರ್ಷ ನನ್ನ ಬಲಗೈ ಬೆರಳುಗಳು ಹತ್ತು ನಿಮಿಷದ ಮಟ್ಟಿಗೆ ಪೆನ್ನು ಹಿಡಿಯದಾದವು. ಪರೀಕ್ಷೆ ಮಾಡಿದರೆ, ಕತ್ತಿನ ಎಡಗಡೆ ಮೆದುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗಿತ್ತು. ಹಾಗೇ ಬಿಟ್ಟರೆ ಅಣ್ಣನಿಗಾದದ್ದೇ ಆದೀತು ಎಂದರು. ತೊಡೆಸಂದಿನಿಂದ ಸಣ್ಣ ತಂತಿ ಏರಿಸಿ, ಬಲೂನಿನಿಂದ ನಾಳ ಹಿಗ್ಗಿಸಿ, ಸ್ಟೆಂಟ್ ಕೂರಿಸಬೇಕು. ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ ದೋಣಿಗಲ್‌ನಲ್ಲಿ ಕಾರಿನ ಕಿಟಕಿಯಿಂದ ಹಳಿ ಹುಡುಕಿದೆ. ಮಂಜಿನಲ್ಲಿ ಕಾಣಲಿಲ್ಲ.

ಎಚ್ಚರದಲ್ಲಿರುವಾಗಲೇ ಮಾಡುವ ಚಿಕಿತ್ಸೆ ಅದು. ನನ್ನ ಬಲಗೈಗೆ, ಹಿಚುಕಿದರೆ ಪೀಂಯ್ ಎನ್ನುವ ರಬ್ಬರ್ ಬಾತುಕೋಳಿಯೊಂದನ್ನು ಕೊಟ್ಟರು. ಹೇಳಿದಾಗ ಹಿಚುಕಿದರೆ ಮೆದುಳು ಸರಿಯಿದೆ ಎಂದರ್ಥ. ನರ್ಸ್ ನಮ್ಮ ಕೆ. ಹೊಸಕೋಟೆ ಕಡೆಯವಳು, ನನ್ನ ಕೆಲಸ ಕೇಳಿ ತಿಳಿದಿದ್ದಳು. "ಆಳುಗಳಿಗೆ ಸೀಟಿ ಊದಿದ್ದು ಸಾಕು ರೈಟ್ರೇ, ಈಗ ನಾವು ಹೇಳ್ದಾಗ ಇದನ್ನ ಕೂಗಿಸ್ರಿ" ಎಂದು ನಗುತ್ತ, ನನ್ನ ಎಡ ಮಣಿಕಟ್ಟನ್ನು ಪಟ್ಟಿಯಿಂದ ಮಂಚಕ್ಕೆ ಬಿಗಿದು, ಮೇಲೆ ಹಸಿರು ಬಟ್ಟೆ ಹೊದಿಸಿದಳು.

ಬಲೂನು ಹಿಗ್ಗಿದಾಗ ಕಣ್ಣೆದುರಿನ ದೀಪ ಮಸುಕಾಯಿತು. ಡಾಕ್ಟರು ನನ್ನ ಹೆಸರು ಕೂಗುವುದು ಎಲ್ಲೋ ದೂರದಿಂದ ಕೇಳುತ್ತಿತ್ತು. ನಾಲಿಗೆ ಏಳಲಿಲ್ಲ. ಆಗ ಬಟ್ಟೆಯ ಕೆಳಗೆ ಯಾರೋ ನನ್ನ ಎಡಗೈಯನ್ನು ಎರಡು ಸಲ ಅದುಮಿದರು. ಜಲ್ಲಿಯ ಸದ್ದೂ ಕೇಳಿತೆಂದು ಹೇಳಲಾರೆ, ಅದು ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ನಾನೂ ಎರಡು ಸಲ ಅದುಮಿದೆ. ಬಾತುಕೋಳಿ ಎರಡು ಸಲ ಕೂಗಿತು. ಬೆಳಕು ಬಂತು.

ಎಲ್ಲ ಮುಗಿದ ಮೇಲೆ ಬಟ್ಟೆ ಸರಿಸಿದ ನರ್ಸ್ ಈ ಸಲ ನಗಲಿಲ್ಲ. "ಬಲಗೈಗಲ್ವಾ ನಾನು ಕೊಟ್ಟಿದ್ದು?" ಎಂದಳು. ಗೊಂಬೆ ನನ್ನ ಎಡಗೈಯಲ್ಲಿತ್ತು. ಪಟ್ಟಿ ಬಿಗಿದಂತೆಯೇ ಇತ್ತು.

ನಾಳ ಹಿಗ್ಗುವಾಗ ಎದೆಬಡಿತ ಇಳಿದು ಮಂಪರು ಕವಿಯುತ್ತದೆ, ಏನೇನೋ ಅನಿಸುತ್ತದೆ ಎಂದರು ಡಾಕ್ಟರು. ಇರಬಹುದು. ಗೊಂಬೆ ಹೇಗೆ ಕೈ ಬದಲಿಸಿತೆಂದು ಮಾತ್ರ ಅವರಿಗೂ ತಿಳಿಯಲಿಲ್ಲ. ನನ್ನ ಬಲಗೈ ಈಗ ಚೆನ್ನಾಗಿದೆ, ಇದನ್ನು ಬರೆಯುತ್ತಿರುವುದು ಅದೇ. ಆ ದಿನ ಎಡಗೈ ಹಿಡಿದದ್ದು ಯಾರೆಂದು ನಾನು ಹೇಳಲಾರೆ. ಈ ಸಲ ನಾನು ಕೈ ಬಿಡಿಸಿಕೊಳ್ಳಲಿಲ್ಲ, ಅಷ್ಟು ಗೊತ್ತು.