ಅಕ್ಕ ಆರಿಸಿದ ತಿಳಿ ಬಣ್ಣಗಳು

ತನ್ನ ಮದುವೆಗೆ ಮನೆಯ ಹೆಂಗಸರೆಲ್ಲ ಪೇಸ್ಟಲ್ ಬಣ್ಣದ ಸೀರೆಯನ್ನೇ ಉಡಬೇಕು ಎಂದು ಮಗಳು ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಪಿಸ್ತಾ ಅಂತೆ, ತಿಳಿಗುಲಾಬಿ ಅಂತೆ!

"ಮದುವೆ ಮನೆಯಾ ಅದು, ಆಸ್ಪತ್ರೆಯಾ?" ಎಂದು ಕೂಗಾಡಿದೆ. ನಾನು ಕಡುಗೆಂಪು, ಮಾವಿನ ಹಳದಿಯವಳು.

"ಅಮ್ಮಾ, ಟೆನ್ಶನ್ ನಕೋ. ದೊಡ್ಡಮ್ಮನನ್ನು ಕರ್ಕೊಂಡು ಹೋಗುವ. ಅವರಿಗೆ ಇದೆಲ್ಲ ಗೊತ್ತುಂಟು," ಎಂದಳು.

ದೊಡ್ಡಮ್ಮ ಎಂದರೆ ನನ್ನ ಅಕ್ಕ. ಮುಂಬಯಿ ಹತ್ತಿರದ ದಿವಾದಲ್ಲಿ ಒಬ್ಬಳೇ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಅವಳು ಉಟ್ಟದ್ದೆಲ್ಲ ತಿಳಿ ಬಣ್ಣವೇ. ಮದುವೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಅರಿಶಿನ ಕುಂಕುಮದ ತಟ್ಟೆ ಬರುವ ಮೊದಲೇ ಎದ್ದು ಊಟದ ಹಾಲಿಗೆ ಹೋಗಿಬಿಡುತ್ತಿದ್ದಳು. ತನ್ನನ್ನು ದಾಟಿ ಪಕ್ಕದವಳ ಹಣೆಗೆ ಹೋಗುವ ಕೈಯನ್ನು ಎಷ್ಟು ಸಲ ನೋಡಿಯಾಳು, ಪಾಪ! ನನ್ನ ಮಗಳ ಮದುವೆಯಲ್ಲಾದರೂ ಎದುರು ಕೂರು ಎಂದು ಗೋಗರೆದಿದ್ದೆ. "ನೋಡುವ ಮಾರಾಯ್ತಿ" ಎಂದಳೇ ಹೊರತು ಹೂಂ ಅನ್ನಲಿಲ್ಲ.

ಡೊಂಬಿವಲಿಯ ಮ್ಯಾಚಿಂಗ್ ಸೆಂಟರಿನಲ್ಲಿ ಅಂಗಡಿಯವನು ಪಿಸ್ತಾ ಸೀರೆಯ ಮೇಲೆ ರವಿಕೆ ಬಟ್ಟೆ ಹಾಸಿ "ಏಕ್‌ದಮ್ ಮ್ಯಾಚ್, ಮಾವ್ಶಿ!" ಎಂದ. ನನಗೂ ಹಾಗೇ ಕಂಡಿತು. ಅಕ್ಕ ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಬಿಸಿಲಿಗೆ ಹೋದಳು.

"ಟ್ಯೂಬ್‌ಲೈಟ್ ಸುಳ್ಳು ಹೇಳ್ತದೆ. ನೋಡು, ಇದರಲ್ಲಿ ನೀಲಿ ಉಂಟು, ಅದರಲ್ಲಿ ಹಳದಿ."

ಹೌದಲ್ಲ! ಅಬ್ಬಾ, ಅವಳ ಕಣ್ಣೇ! ಒಳಗೂ ಹೊರಗೂ ಹತ್ತು ಸಲ ಓಡಾಡಿ ಮನೆಯ ಹೆಂಗಸರ ಎಂಟು ಸೀರೆಗೂ ರವಿಕೆ ಹೊಂದಿಸಿದಳು. ಇಷ್ಟು ವರ್ಷ ಅವಳು ಈ ಬಣ್ಣಗಳನ್ನು ಹಣೆಬರಹವೆಂದು ಉಡುತ್ತಿದ್ದಾಳೆ ಅಂದುಕೊಂಡಿದ್ದೆ. ಅಲ್ಲ, ಒಂದೊಂದನ್ನೂ ಆಸೆಪಟ್ಟು ಆರಿಸುತ್ತಿದ್ದಳು. ನನಗೆ ನಾಚಿಕೆಯಾಯಿತು.

ಮದುವೆಯ ದಿನ ಮಗಳು ಅಕ್ಕನ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿದಳು. ಎಂಟೂ ಜನರದ್ದು ತಿಳಿ ಬಣ್ಣ. ಯಾರ ಸೀರೆಯೂ ಅಬ್ಬರಿಸದೆ ಎಲ್ಲರ ಮುಖವೂ ಬೆಳಗುತ್ತಿತ್ತು. ನಾನೇ ಸೋತೆ, ಅಷ್ಟು ಚಂದ!

ಆಗ ಗಂಡಿನ ಕಡೆಯ ಅಜ್ಜಿಯೊಬ್ಬರು ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದರು. ನೆರೂಳಿನವರು, ನಮ್ಮ ಮನೆಯ ಕಥೆ ತಿಳಿಯದವರು. ಅಕ್ಕ ಏಳಲು ಹೊರಟಳು. ಅವಳ ಸೆರಗು ಹಿಡಿದು ಕೂರಿಸಿದೆ. ಅಜ್ಜಿ ನನಗೆ ಹಚ್ಚಿ ಅವಳ ಮುಂದೆ ನಿಂತು "ತಗೊಳ್ಳಮ್ಮಾ" ಎಂದರು. ಅಕ್ಕ ನನ್ನ ಮುಖ ನೋಡಿದಳು.

"ತಗೋ ಅಕ್ಕ," ಎಂದೆ.

ಅವಳು ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿದಳು.